ಈಚಲ ಮರದ ಕೆಳಗೆ ಮಜ್ಜಿಗೆ ಕುಡಿದವರು

ಈಚಲ ಮರದ ಕೆಳಗೆ ಕುಳಿತು ಮಜ್ಜಿಗೆ ಕುಡಿದರೂ ಜನ ಅದನ್ನು ಹೆಂಡವೆಂದೇ ಹೇಳುತ್ತಾರೆ ಎಂಬುದು ನಮ್ಮಲ್ಲಿ ಹಳೆಯ ಮಾತು. ಲೋಕಾಪವಾದಕ್ಕೆ ಅಂಜಿ ನಡೆಯಬೇಕೆಂದು ಹೇಳುವಾಗ ಹಿರಿಯರು ಈ ಗಾದೆಯನ್ನು ಬಳಸುತ್ತಾರೆ. ಆದರೆ ಇದರಲ್ಲಿ ಒಂದು ಲೆಕ್ಕವೂ ಅಡಗಿದೆ. ಮರದ ಕೆಳಗೆ ಕುಳಿತಿರುವುದನ್ನೇ ಗುರುತಾಗಿ ಇಟ್ಟುಕೊಂಡರೆ ನಿಜವಾದ ಕುಡುಕರು ಎಷ್ಟು ಮಂದಿ ಸಿಕ್ಕುತ್ತಾರೆ? ಮಜ್ಜಿಗೆ ಕುಡಿದ ಎಷ್ಟು ಮಂದಿಗೆ ವೃಥಾ ಕೆಟ್ಟ ಹೆಸರು ಬರುತ್ತದೆ? ಮನೆಯ ಬಾಗಿಲು ಹಾಕಿಕೊಂಡು ಕುಡಿಯುವ ಎಷ್ಟು ಮಂದಿ ತಪ್ಪಿಸಿಕೊಳ್ಳುತ್ತಾರೆ?

ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ ವೈದ್ಯರೂ ಸಂಖ್ಯಾಶಾಸ್ತ್ರಜ್ಞರೂ ತಲೆ ಕೆಡಿಸಿಕೊಂಡದ್ದು ಸರಿಸುಮಾರು ಇದೇ ಮೂರು ಪ್ರಶ್ನೆಗಳ ಮೇಲೆ. ಜ್ವರಕ್ಕೆ ಥರ್ಮಾಮೀಟರ್ ಇದೆ, ಮಧುಮೇಹಕ್ಕೆ ರಕ್ತದ ಸಕ್ಕರೆಯ ಪರೀಕ್ಷೆ ಇದೆ. ಮದ್ಯವ್ಯಸನಕ್ಕೆ ಅಂಥದೊಂದು ಮಾಪಕವಿಲ್ಲ. ರೋಗಿ ಮುಚ್ಚಿಡುತ್ತಾನೆ, ಮನೆಯವರು ಮಾನಕ್ಕೆ ಹೆದರುತ್ತಾರೆ, ವೈದ್ಯರು ಕೇಳಲು ಸಂಕೋಚಪಡುತ್ತಾರೆ. ಆದ್ದರಿಂದಲೇ ಈ ಕ್ಷೇತ್ರದಲ್ಲಿ ಪ್ರಶ್ನಾವಳಿಗಳೂ ರಕ್ತಪರೀಕ್ಷೆಗಳೂ ಒಂದರ ಹಿಂದೊಂದು ಹುಟ್ಟಿಕೊಂಡವು. ಅವುಗಳಲ್ಲಿ ಯಾವುದನ್ನು ಎಷ್ಟು ನಂಬಬೇಕು ಎಂದು ತೂಗಿ ನೋಡುವ ತಕ್ಕಡಿಯೂ ಜೊತೆಜೊತೆಗೇ ರೂಪುಗೊಂಡಿತು. ಆ ತಕ್ಕಡಿಯ ಕಥೆ ಕ್ಷಯರೋಗದ ಎಕ್ಸ್‌ರೇ ಕೋಣೆಯಿಂದ ಯುದ್ಧಕಾಲದ ರಡಾರ್ ಪರದೆಯವರೆಗೆ ಹರಡಿಕೊಂಡಿದೆ.

ಕುಡಿದವನು ಬೇರೆ, ಕುಡುಕ ಬೇರೆ

ಮೊದಲು ಒಂದು ವ್ಯತ್ಯಾಸವನ್ನು ಗಮನಿಸಬೇಕು. ಒಬ್ಬ ಮನುಷ್ಯ ಈಗ ಕುಡಿದಿದ್ದಾನೆಯೇ ಎಂಬುದು ಒಂದು ಪ್ರಶ್ನೆ. ಅವನು ಕುಡಿತಕ್ಕೆ ದಾಸನಾಗಿದ್ದಾನೆಯೇ ಎಂಬುದು ಬೇರೆಯೇ ಪ್ರಶ್ನೆ. ಮೊದಲನೆಯದಕ್ಕೆ ರಸಾಯನಶಾಸ್ತ್ರ ಬೇಗ ಉತ್ತರ ಕೊಟ್ಟಿತು. ರಕ್ತದಲ್ಲಿ ಮದ್ಯಸಾರ ಹೇಗೆ ಏರಿ ಇಳಿಯುತ್ತದೆ ಎಂಬುದನ್ನು ಸ್ವೀಡನ್ನಿನ ಎರಿಕ್ ವಿಡ್‌ಮಾರ್ಕ್ 1932ರಲ್ಲಿ ಸಮೀಕರಣವಾಗಿ ಬರೆದಿಟ್ಟರು. ಅಮೆರಿಕದ ಇಂಡಿಯಾನಾದಲ್ಲಿ ಪೊಲೀಸ್ ಇಲಾಖೆಯಲ್ಲಿ ಕೆಲಸ ಮಾಡಿದ್ದ ರಾಬರ್ಟ್ ಬೋರ್ಕೆನ್‌ಸ್ಟೈನ್ 1954ರಲ್ಲಿ ಉಸಿರಿನಿಂದಲೇ ಮದ್ಯಸಾರವನ್ನು ಅಳೆಯುವ 'ಬ್ರೆತ್‌ಅಲೈಸರ್' ರೂಪಿಸಿದರು. ನಮ್ಮ ದೇಶದಲ್ಲಿ 1988ರ ಮೋಟಾರು ವಾಹನ ಕಾಯ್ದೆಯ 185ನೇ ಕಲಮು 100 ಮಿಲಿಲೀಟರ್ ರಕ್ತಕ್ಕೆ 30 ಮಿಲಿಗ್ರಾಂ ಎಂಬ ಮಿತಿಯನ್ನು ಹಾಕಿದೆ. ವಾರಾಂತ್ಯದ ರಾತ್ರಿಗಳಲ್ಲಿ ಬೆಂಗಳೂರಿನ ರಸ್ತೆಗಳಲ್ಲಿ ಪೊಲೀಸರು ಊದಿಸಿ ನೋಡುವುದು ಇದನ್ನೇ.

ಎರಡನೆಯ ಪ್ರಶ್ನೆ ಉಸಿರಿಗೆ ಸಿಕ್ಕುವಂಥದಲ್ಲ. ಮದುವೆಯ ಮನೆಯಲ್ಲಿ ಒಂದು ದಿನ ಕುಡಿದವನು ಯಂತ್ರಕ್ಕೆ ಸಿಕ್ಕಿಬೀಳುತ್ತಾನೆ. ಹತ್ತು ವರ್ಷಗಳಿಂದ ಕುಡಿಯುತ್ತಿರುವವನು ಆಸ್ಪತ್ರೆಗೆ ಬರುವ ದಿನ ಕುಡಿಯದೆ ಬಂದರೆ ಯಂತ್ರ ಅವನನ್ನು ಸಜ್ಜನನೆಂದು ಸಾರುತ್ತದೆ.

ಚೆಲ್ಲಿಹೋದ ಉತ್ತರಗಳು

ಮದ್ಯವ್ಯಸನದ ಅಧ್ಯಯನದಲ್ಲಿ ಅಂಕಿಅಂಶಗಳ ಬಳಕೆಯ ಮಾತು ಬಂದಾಗ ಮೊದಲು ಕೇಳಿಬರುವ ಹೆಸರು ಇ. ಎಂ. ಜೆಲಿನೆಕ್ ಅವರದು. ಸ್ವತಃ ಸಂಖ್ಯಾಶಾಸ್ತ್ರ ಬಲ್ಲವರಾಗಿದ್ದ ಅವರು ಕುಡಿತವನ್ನು ಪಾಪವೆಂದಲ್ಲ, ಕಾಯಿಲೆಯೆಂದು ನೋಡುವ ದೃಷ್ಟಿಗೆ ಬಲ ತಂದುಕೊಟ್ಟವರು. 1946ರಲ್ಲಿ ಅವರು ಪ್ರಕಟಿಸಿದ ಒಂದು ಅಧ್ಯಯನ 'ಆಲ್ಕೊಹಾಲಿಕ್ಸ್ ಅನಾನಿಮಸ್' ಸಂಘಟನೆಯ ಪತ್ರಿಕೆಯ ಮೂಲಕ ಹಂಚಿದ ಪ್ರಶ್ನಾವಳಿಯನ್ನು ಆಧರಿಸಿತ್ತು. ಸುಮಾರು 1600 ಪ್ರತಿಗಳಿಗೆ ಮರಳಿ ಬಂದ ಉತ್ತರಗಳು 158 ಮಾತ್ರ. ಅವುಗಳಲ್ಲಿ ಲೆಕ್ಕಕ್ಕೆ ಹಿಡಿದದ್ದು 98. ಎಲ್ಲವೂ ಗಂಡಸರವು. ಹೆಂಗಸರ ಉತ್ತರಗಳು ಸಂಖ್ಯೆಯಲ್ಲಿ ಕಡಿಮೆ ಇದ್ದವು, ಗಂಡಸರ ಉತ್ತರಗಳಿಗಿಂತ ಬಹಳ ಭಿನ್ನವಾಗಿಯೂ ಇದ್ದವು. ಅದೇ ಕಾರಣಕ್ಕೆ ಅವುಗಳನ್ನು ಬದಿಗಿಡಲಾಯಿತು.

ಕುಡಿತ ಬಿಟ್ಟು, ಸಂಘಟನೆ ಸೇರಿ, ಪ್ರಶ್ನಾವಳಿ ತುಂಬಿ ಕಳಿಸುವಷ್ಟು ಉತ್ಸಾಹವಿದ್ದ 98 ಗಂಡಸರ ಅನುಭವದ ಮೇಲೆ 'ಕುಡುಕ' ಎಂಬ ಚಿತ್ರ ನಿಂತಿತು. ಜೆಲಿನೆಕ್ ತಮ್ಮ ಸಾಮಗ್ರಿಯ ಮಿತಿಯನ್ನು ಬಲ್ಲವರೇ. ಆದರೆ ಆ ಚಿತ್ರ ದೀರ್ಘಕಾಲ ಉಳಿಯಿತು. ಮುಂದೆ ಬಂದ ಪರೀಕ್ಷೆಗಳು ಗಂಡಸರನ್ನು ಚೆನ್ನಾಗಿ ಗುರುತಿಸಿ ಹೆಂಗಸರನ್ನು ಕೈಬಿಟ್ಟವು ಎಂಬ ದೂರಿಗೆ ಇದೂ ಒಂದು ಹಿನ್ನೆಲೆ.

ಎರಡು ಬಗೆಯ ತಪ್ಪು

ಪರೀಕ್ಷೆಯೊಂದನ್ನು ತೂಗುವ ಸ್ಪಷ್ಟ ಭಾಷೆ ದೊರೆತದ್ದು 1947ರಲ್ಲಿ. ಆಗ ಅಮೆರಿಕದಲ್ಲಿ ಕ್ಷಯರೋಗವನ್ನು ಪತ್ತೆಹಚ್ಚಲು ಎದೆಯ ಎಕ್ಸ್‌ರೇ ತೆಗೆಯುವ ಕಾರ್ಯಕ್ರಮ ಭರದಿಂದ ನಡೆದಿತ್ತು. ಯಾವ ಬಗೆಯ ಫಿಲ್ಮು ಉತ್ತಮ ಎಂದು ನೋಡಲು ಹೊರಟ ತಜ್ಞರಿಗೆ ಮುಜುಗರದ ಸಂಗತಿಯೊಂದು ಎದುರಾಯಿತು. ಒಂದೇ ಚಿತ್ರವನ್ನು ಇಬ್ಬರು ವೈದ್ಯರು ಬೇರೆ ಬೇರೆಯಾಗಿ ಓದುತ್ತಿದ್ದರು. ಅಷ್ಟೇ ಅಲ್ಲ, ಒಬ್ಬರೇ ವೈದ್ಯರು ಕೆಲವು ದಿನಗಳ ನಂತರ ಅದೇ ಚಿತ್ರವನ್ನು ನೋಡಿ ತಮ್ಮದೇ ಮಾತಿಗೆ ವಿರುದ್ಧವಾಗಿ ಹೇಳುತ್ತಿದ್ದರು.

ಈ ಗೊಂದಲವನ್ನು ಬಿಡಿಸಲು ಕೂತ ಸಂಖ್ಯಾಶಾಸ್ತ್ರಜ್ಞ ಜೇಕಬ್ ಯೆರುಶಲ್ಮಿ ಒಂದು ಸರಳ ವಿಚಾರವನ್ನು ಮುಂದಿಟ್ಟರು. 'ಈ ಪರೀಕ್ಷೆ ಎಷ್ಟು ಸರಿ' ಎಂದು ಒಂದೇ ಪ್ರಶ್ನೆ ಕೇಳಿದರೆ ಸಾಲದು, ಎರಡು ಕೇಳಬೇಕು. ರೋಗ ಇರುವವರಲ್ಲಿ ಎಷ್ಟು ಮಂದಿಯನ್ನು ಪರೀಕ್ಷೆ ಹಿಡಿಯುತ್ತದೆ? ಇದು 'ಸೆನ್ಸಿಟಿವಿಟಿ', ಹಿಡಿಯುವ ಶಕ್ತಿ. ರೋಗ ಇಲ್ಲದವರಲ್ಲಿ ಎಷ್ಟು ಮಂದಿಯನ್ನು ಅದು ಸರಿಯಾಗಿ ಬಿಟ್ಟುಕೊಡುತ್ತದೆ? ಇದು 'ಸ್ಪೆಸಿಫಿಸಿಟಿ', ಬಿಡುವ ಶಕ್ತಿ. ಮೊದಲನೆಯದು ಕಡಿಮೆಯಾದರೆ ರೋಗಿಗಳು ತಪ್ಪಿಸಿಕೊಳ್ಳುತ್ತಾರೆ. ಎರಡನೆಯದು ಕಡಿಮೆಯಾದರೆ ಮಜ್ಜಿಗೆ ಕುಡಿದವರಿಗೆ ಹೆಂಡದ ಹೆಸರು ಅಂಟಿಕೊಳ್ಳುತ್ತದೆ.

1950ರಲ್ಲಿ ವಿಲಿಯಂ ಜಾನ್ ಯೂಡೆನ್ ಎಂಬ ಇನ್ನೊಬ್ಬ ವಿಜ್ಞಾನಿ ಈ ಎರಡನ್ನೂ ಕೂಡಿಸಿ ಒಂದನ್ನು ಕಳೆದರೆ ಪರೀಕ್ಷೆಯ ಯೋಗ್ಯತೆ ಒಂದೇ ಅಂಕೆಯಲ್ಲಿ ಸಿಕ್ಕುತ್ತದೆ ಎಂದು ತೋರಿಸಿದರು. ನಾಣ್ಯ ಚಿಮ್ಮಿದಷ್ಟೇ ಪ್ರಯೋಜನದ ಪರೀಕ್ಷೆಗೆ ಸೊನ್ನೆ, ಎಂದೂ ತಪ್ಪದ ಪರೀಕ್ಷೆಗೆ ಒಂದು. ಯೂಡೆನ್ ಮೂಲತಃ ರಸಾಯನಶಾಸ್ತ್ರಜ್ಞರು.

ಸಾವಿರ ಜನರ ಲೆಕ್ಕ

ಎರಡೂ ಶಕ್ತಿಗಳು ಚೆನ್ನಾಗಿದ್ದರೆ ಪರೀಕ್ಷೆಯನ್ನು ಕಣ್ಣುಮುಚ್ಚಿ ನಂಬಬಹುದೇ? ಇಲ್ಲಿಯೇ ಲೆಕ್ಕ ಸಾಮಾನ್ಯ ಬುದ್ಧಿಗೆ ಚಕಮಕಿ ಕೊಡುತ್ತದೆ.

ಒಂದು ಪರೀಕ್ಷೆಯ ಹಿಡಿಯುವ ಶಕ್ತಿಯೂ ಬಿಡುವ ಶಕ್ತಿಯೂ ಶೇಕಡ 90 ಎಂದಿಟ್ಟುಕೊಳ್ಳೋಣ. ಅದನ್ನು ವ್ಯಸನಮುಕ್ತಿ ಕೇಂದ್ರಕ್ಕೆ ಬಂದ 1000 ಜನರ ಮೇಲೆ ಪ್ರಯೋಗಿಸಿದಾಗ, ಅವರಲ್ಲಿ 500 ಮಂದಿ ನಿಜವಾಗಿಯೂ ವ್ಯಸನಿಗಳಾಗಿದ್ದರೆ, ಪರೀಕ್ಷೆ 450 ಮಂದಿಯನ್ನು ಸರಿಯಾಗಿ ಹಿಡಿಯುತ್ತದೆ. ಉಳಿದ 500 ಮಂದಿಯಲ್ಲಿ 50 ಜನರನ್ನು ತಪ್ಪಾಗಿ ಹಿಡಿಯುತ್ತದೆ. ಒಟ್ಟು ಸಿಕ್ಕಿಬಿದ್ದವರು 500, ಅವರಲ್ಲಿ 450 ಮಂದಿ ಸರಿ. ಹತ್ತಕ್ಕೆ ಒಂಬತ್ತು ಸರಿಯೆಂದರೆ ಒಳ್ಳೆಯ ಫಲವೇ.

ಅದೇ ಪರೀಕ್ಷೆಯನ್ನು ಊರಿನ ಮನೆಮನೆಗೆ ಕೊಂಡೊಯ್ದರೆ? ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆ 2015-16ರಲ್ಲಿ ದೇಶದ 12 ರಾಜ್ಯಗಳಲ್ಲಿ ನಡೆಸಿದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ ವಯಸ್ಕರಲ್ಲಿ ಮದ್ಯಸೇವನೆಯ ಕಾಯಿಲೆ ಇರುವವರ ಪ್ರಮಾಣ ಶೇಕಡ 4.6. ಲೆಕ್ಕ ಸುಲಭವಾಗಲೆಂದು 1000ಕ್ಕೆ 50 ಎಂದೇ ಹಿಡಿಯೋಣ. ಪರೀಕ್ಷೆ ಈ 50ರಲ್ಲಿ 45 ಮಂದಿಯನ್ನು ಹಿಡಿಯುತ್ತದೆ. ಉಳಿದ 950 ಜನರಲ್ಲಿ ಶೇಕಡ 10ರಂತೆ 95 ಮಂದಿಯೂ ಬಲೆಗೆ ಬೀಳುತ್ತಾರೆ. ಸಿಕ್ಕಿದವರು ಒಟ್ಟು 140, ನಿಜವಾದ ರೋಗಿಗಳು 45. ಅಂದರೆ ಹೆಸರು ಕೆಡಿಸಿಕೊಂಡ ಮೂವರಲ್ಲಿ ಇಬ್ಬರು ಮಜ್ಜಿಗೆ ಕುಡಿದವರೇ!

ಪರೀಕ್ಷೆ ಬದಲಾಗಿಲ್ಲ, ಜನ ಬದಲಾದರು. 1763ರಲ್ಲಿ, ಲೇಖಕರ ಮರಣಾನಂತರ ಪ್ರಕಟವಾದ ಥಾಮಸ್ ಬೇಯ್ಸ್ ಎಂಬ ಇಂಗ್ಲಿಷ್ ಪಾದ್ರಿಯ ಪ್ರಬಂಧದಲ್ಲಿ ಈ ತರ್ಕದ ಬೇರಿದೆ. ವೈದ್ಯಲೋಕಕ್ಕೆ ಅದನ್ನು ಮನದಟ್ಟು ಮಾಡಿಸಿದ ಬರಹಗಳಲ್ಲಿ ಟಿ. ಜೆ. ವೆಕಿಯೊ 1966ರಲ್ಲಿ ಬರೆದ ಲೇಖನ ಮುಖ್ಯವಾದುದು. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ 2019-21ರ ಸುತ್ತಿನಲ್ಲಿ ಮದ್ಯ ಸೇವಿಸುವುದಾಗಿ ಹೇಳಿದ ಗಂಡಸರು ಶೇಕಡ 19ರಷ್ಟು, ಹೆಂಗಸರು ಶೇಕಡ 1ರ ಆಸುಪಾಸು. ಒಂದೇ ಪರೀಕ್ಷೆಯನ್ನು ಇಬ್ಬರಿಗೂ ಮಾಡಿದರೆ ಫಲಿತಾಂಶದ ಅರ್ಥ ಒಂದೇ ಆಗಿರುವುದಿಲ್ಲ ಎಂಬುದು ಇದರಿಂದ ಸ್ಪಷ್ಟ.

ರಡಾರ್ ಪರದೆಯಿಂದ ಆಸ್ಪತ್ರೆಗೆ

ಗೆರೆಯನ್ನು ಎಲ್ಲಿ ಎಳೆಯಬೇಕು ಎಂಬುದು ಇನ್ನೊಂದು ತೊಡಕು. ಅಂಕ ಕೊಡುವ ಪರೀಕ್ಷೆಯಲ್ಲಿ ಎಷ್ಟು ಅಂಕ ಬಂದರೆ ವ್ಯಸನಿ ಎನ್ನಬೇಕು? ಜರಡಿಯ ಕಣ್ಣು ಸಣ್ಣದಾದರೆ ಕಲ್ಲಿನ ಜೊತೆಗೆ ಕಾಳೂ ನಿಂತುಬಿಡುತ್ತದೆ. ದೊಡ್ಡದಾದರೆ ಕಾಳಿನ ಜೊತೆಗೆ ಕಲ್ಲೂ ಇಳಿದುಹೋಗುತ್ತದೆ.

ಈ ತೊಡಕಿಗೆ ಪರಿಹಾರ ಬಂದದ್ದು ಯುದ್ಧರಂಗದಿಂದ. ಎರಡನೆಯ ಮಹಾಯುದ್ಧದ ಕಾಲದಲ್ಲಿ ರಡಾರ್ ಮುಂದೆ ಕುಳಿತ ಸೈನಿಕನಿಗೆ ಪರದೆಯ ಮೇಲಿನ ಚುಕ್ಕೆ ಶತ್ರುವಿಮಾನವೋ ಹಕ್ಕಿಗಳ ಹಿಂಡೋ ಎಂದು ಕ್ಷಣದಲ್ಲಿ ತೀರ್ಮಾನಿಸಬೇಕಿತ್ತು. 1941ರ ಡಿಸೆಂಬರ್ 7ರ ಬೆಳಿಗ್ಗೆ ಹವಾಯಿಯ ಒಪಾನಾ ರಡಾರ್ ಠಾಣೆಯಲ್ಲಿದ್ದವರು ದೊಡ್ಡ ವಿಮಾನ ಪಡೆಯೊಂದು ಬರುತ್ತಿರುವುದನ್ನು ಕಂಡು ವರದಿ ಮಾಡಿದರು. ಅವು ತಮ್ಮವೇ ವಿಮಾನಗಳಿರಬೇಕೆಂದು ಅಧಿಕಾರಿ ಸುಮ್ಮನಾದರು. ಸ್ವಲ್ಪ ಹೊತ್ತಿನಲ್ಲೇ ಪರ್ಲ್ ಹಾರ್ಬರ್ ಮೇಲೆ ಜಪಾನಿನ ಬಾಂಬುಗಳು ಬಿದ್ದವು. ಆದರೆ ಪ್ರತಿ ಚುಕ್ಕೆಗೂ ಗಂಟೆ ಬಾರಿಸುತ್ತಾ ಹೋದರೆ ಯುದ್ಧ ನಡೆಸುವುದೂ ಸಾಧ್ಯವಿಲ್ಲ.

ಯುದ್ಧಾನಂತರ, 1950ರ ದಶಕದಲ್ಲಿ, ಮಿಷಿಗನ್ ವಿಶ್ವವಿದ್ಯಾನಿಲಯದ ಎಂಜಿನಿಯರುಗಳೂ ಮನೋವಿಜ್ಞಾನಿಗಳೂ ಈ ಸಮಸ್ಯೆಯನ್ನು ಒಂದು ರೇಖಾಚಿತ್ರವಾಗಿ ಬಿಡಿಸಿದರು. ಅಡ್ಡಗೆರೆಯ ಮೇಲೆ ಸುಳ್ಳು ಗಂಟೆಗಳ ಪ್ರಮಾಣ, ಲಂಬಗೆರೆಯ ಮೇಲೆ ಸರಿಯಾಗಿ ಹಿಡಿದವುಗಳ ಪ್ರಮಾಣ. ಮಿತಿಯನ್ನು ಒಂದೊಂದಾಗಿ ಬದಲಿಸುತ್ತಾ ಹೋದರೆ ಒಂದೊಂದು ಚುಕ್ಕೆ ಸಿಕ್ಕುತ್ತದೆ, ಚುಕ್ಕೆಗಳನ್ನು ಕೂಡಿಸಿದರೆ ಒಂದು ಬಾಗಿದ ಗೆರೆ. ಇದಕ್ಕೆ 'ಆರ್‌ಒಸಿ' ವಕ್ರರೇಖೆ ಎಂದು ಹೆಸರು. ಗೆರೆ ಎಡಗಡೆಯ ಮೇಲಿನ ಮೂಲೆಯತ್ತ ಎಷ್ಟು ಉಬ್ಬಿದರೆ ಪರೀಕ್ಷೆ ಅಷ್ಟು ಒಳ್ಳೆಯದು. ಮೂಲೆಯಿಂದ ಮೂಲೆಗೆ ನೇರವಾಗಿ ನಿಂತರೆ ಅದು ನಾಣ್ಯ ಚಿಮ್ಮಿದಂತೆ.

ಇದನ್ನು ವೈದ್ಯಕೀಯಕ್ಕೆ ತಂದವರು ರೇಡಿಯಾಲಜಿ ತಜ್ಞ ಲೀ ಲಸ್ಟೆಡ್. ಅವರ ಪುಸ್ತಕ 1968ರಲ್ಲಿ ಬಂತು. 1982ರಲ್ಲಿ ಜೇಮ್ಸ್ ಹ್ಯಾನ್ಲಿ ಮತ್ತು ಬಾರ್ಬರಾ ಮೆಕ್‌ನೀಲ್ ಈ ಗೆರೆಯ ಕೆಳಗಿನ ವಿಸ್ತೀರ್ಣಕ್ಕೆ ಯಾರಿಗಾದರೂ ಅರ್ಥವಾಗುವ ವಿವರಣೆ ಕೊಟ್ಟರು. ರೋಗಿಗಳ ಗುಂಪಿನಿಂದ ಒಬ್ಬನನ್ನೂ ರೋಗವಿಲ್ಲದವರ ಗುಂಪಿನಿಂದ ಒಬ್ಬನನ್ನೂ ಚೀಟಿ ಎತ್ತಿ ಆರಿಸಿದರೆ, ರೋಗಿಗೇ ಹೆಚ್ಚು ಅಂಕ ಬರುವ ಸಂಭವ ಎಷ್ಟೋ ಆ ವಿಸ್ತೀರ್ಣ ಅಷ್ಟು. ಅರ್ಧವಾದರೆ ಪರೀಕ್ಷೆ ನಿರುಪಯುಕ್ತ, ಒಂದಾದರೆ ಪರಿಪೂರ್ಣ.

ನಾಲ್ಕು ಪ್ರಶ್ನೆ, ಹತ್ತು ಪ್ರಶ್ನೆ

ಈ ನಡುವೆ ಪ್ರಶ್ನಾವಳಿಗಳು ಬರತೊಡಗಿದ್ದವು. ಮಿಷಿಗನ್ನಿನ ಮೆಲ್ವಿನ್ ಸೆಲ್ಜರ್ 1971ರಲ್ಲಿ 25 ಪ್ರಶ್ನೆಗಳ ಪರೀಕ್ಷೆಯೊಂದನ್ನು ಪ್ರಕಟಿಸಿದರು. ಗಿಜಿಗುಡುವ ಹೊರರೋಗಿ ವಿಭಾಗದಲ್ಲಿ 25 ಪ್ರಶ್ನೆ ಕೇಳಲು ಯಾರಿಗೆ ಪುರಸೊತ್ತು? ಉತ್ತರ ಕೆರೊಲಿನಾದ ಮನೋವೈದ್ಯ ಜಾನ್ ಯೂಯಿಂಗ್ 1968ರಲ್ಲಿ ಆಸ್ಪತ್ರೆಯ ರೋಗಿಗಳನ್ನು ಮಾತನಾಡಿಸಿ ನಾಲ್ಕೇ ಪ್ರಶ್ನೆಗಳನ್ನು ಆರಿಸಿಕೊಂಡಿದ್ದರು. ಕುಡಿತ ಕಡಿಮೆ ಮಾಡಬೇಕೆಂದು ಎಂದಾದರೂ ಅನಿಸಿದೆಯೇ? ಜನ ನಿಮ್ಮ ಕುಡಿತವನ್ನು ಆಡಿಕೊಂಡು ಸಿಟ್ಟು ಬರಿಸಿದ್ದಾರೆಯೇ? ಕುಡಿತದ ಬಗ್ಗೆ ತಪ್ಪು ಮಾಡಿದೆನೆಂಬ ಅಳುಕು ಆಗಿದೆಯೇ? ಬೆಳಿಗ್ಗೆ ಎದ್ದೊಡನೆ ಕೈನಡುಕ ನಿಲ್ಲಿಸಲು ಕುಡಿದದ್ದುಂಟೇ? 'ಕೇಜ್' ಎಂದು ಹೆಸರಾದ ಈ ಪ್ರಶ್ನಾವಳಿಯನ್ನು ಒಂದು ನಿಮಿಷದಲ್ಲಿ ಮುಗಿಸಬಹುದು. 1974ರಲ್ಲಿ ಅದನ್ನು ಮನೋರೋಗ ವಿಭಾಗದ ರೋಗಿಗಳ ಮೇಲೆ ಪರಿಶೀಲಿಸಿದ ಫಲಿತಾಂಶ ಪ್ರಕಟವಾದ ಮೇಲೆ ಅದರ ಬಳಕೆ ವ್ಯಾಪಕವಾಯಿತು.

ಕೇಜ್‌ಗೆ ಕೊರತೆಯೂ ಇತ್ತು. 'ಎಂದಾದರೂ' ಎಂದು ಕೇಳುವುದರಿಂದ ಹತ್ತು ವರ್ಷಗಳ ಹಿಂದೆಯೇ ಬಿಟ್ಟವನೂ ಅದರಲ್ಲಿ ಸಿಕ್ಕಿಬೀಳುತ್ತಾನೆ. ಈಗಷ್ಟೇ ಜಾರತೊಡಗಿದವನು, ಅಂದರೆ ನಾಲ್ಕು ಮಾತು ಹೇಳಿದರೆ ತಿದ್ದಿಕೊಳ್ಳಬಹುದಾದವನು, ತಪ್ಪಿಸಿಕೊಳ್ಳುತ್ತಾನೆ. ಬಸುರಿಯರ ವಿಷಯದಲ್ಲಿ ಈ ಕೊರತೆ ಗಂಭೀರವಾಗಿತ್ತು. ತಾಯಿಯ ಕುಡಿತದಿಂದ ಮಗುವಿಗೆ ಆಗುವ ಹಾನಿಗೆ 1973ರಲ್ಲಿ ಅಮೆರಿಕದ ವೈದ್ಯರು ಹೆಸರಿಟ್ಟಿದ್ದರು. ಆದರೆ ಬಸುರಿಯನ್ನು 'ನಿಮಗೆ ಅಳುಕು ಆಗಿದೆಯೇ' ಎಂದು ಕೇಳಿದರೆ ಅವಳು ಬಾಯಿ ಬಿಡುವಳೇ? 1989ರಲ್ಲಿ ಡೆಟ್ರಾಯಿಟ್‌ನ ರಾಬರ್ಟ್ ಸೊಕೊಲ್ ಮತ್ತು ಸಂಗಡಿಗರು ಆ ಪ್ರಶ್ನೆಯನ್ನು ತೆಗೆದುಹಾಕಿ, ಎಷ್ಟು ಕುಡಿದರೆ ಅಮಲೇರುತ್ತದೆ ಎಂಬ ಪ್ರಶ್ನೆಯನ್ನು ಸೇರಿಸಿದರು. ಹೆಚ್ಚು ಕುಡಿದರೂ ಅಮಲೇರದಿದ್ದರೆ ದೇಹ ಒಗ್ಗಿಹೋಗಿದೆ ಎಂದರ್ಥ. ಈ ಪ್ರಶ್ನೆಯಲ್ಲಿ ಆರೋಪದ ದನಿ ಇಲ್ಲವಾದ್ದರಿಂದ ಉತ್ತರ ಬರುತ್ತಿತ್ತು.

ವಿಶ್ವ ಆರೋಗ್ಯ ಸಂಸ್ಥೆ ನಾರ್ವೆ, ಆಸ್ಟ್ರೇಲಿಯ, ಕೀನ್ಯಾ, ಬಲ್ಗೇರಿಯ, ಮೆಕ್ಸಿಕೊ, ಅಮೆರಿಕ ಈ ಆರು ದೇಶಗಳಲ್ಲಿ 1888 ಜನರನ್ನು ಪರೀಕ್ಷಿಸಿ ಹತ್ತು ಪ್ರಶ್ನೆಗಳ 'ಆಡಿಟ್' ಪ್ರಶ್ನಾವಳಿಯನ್ನು ಸಿದ್ಧಪಡಿಸಿತು. ಜಾನ್ ಸಾಂಡರ್ಸ್ ಮತ್ತು ಸಂಗಡಿಗರು ಅದನ್ನು 1993ರಲ್ಲಿ ಪ್ರಕಟಿಸಿದರು. ಒಟ್ಟು ಅಂಕ 40. ಮಿತಿ 8. ಅಪಾಯಕಾರಿಯಾಗಿ ಕುಡಿಯುವವರಲ್ಲಿ ಶೇಕಡ 92 ಮಂದಿ 8 ಅಥವಾ ಹೆಚ್ಚು ಅಂಕ ಪಡೆದಿದ್ದರು. ಹಾಗೆ ಕುಡಿಯದವರಲ್ಲಿ ಶೇಕಡ 94 ಮಂದಿ 8ಕ್ಕಿಂತ ಕಡಿಮೆ ಇದ್ದರು. ಪೂರ್ತಿ ಬಿದ್ದವನನ್ನು ಗುರುತಿಸುವ ಬದಲು ಬೀಳುತ್ತಿರುವವನನ್ನು ಗುರುತಿಸಬೇಕೆಂಬುದು ಇದರ ಗುರಿ.

ಆ ಮಿತಿಯೂ ಶಿಲಾಶಾಸನವಲ್ಲ. ನೆರೆಯ ಗೋವಾದ 10 ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ನಡೆದು 2017ರಲ್ಲಿ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ 12ರಿಂದ 19 ಅಂಕದ ಗಂಡಸರನ್ನು ಆರಿಸಲಾಯಿತು. ವೈದ್ಯರಲ್ಲದ, ತರಬೇತಿ ಪಡೆದ ಸಾಮಾನ್ಯ ಸಲಹೆಗಾರರು ಅವರೊಂದಿಗೆ ಮಾತುಕತೆ ನಡೆಸಿದರು. ಮೂರು ತಿಂಗಳ ನಂತರ ಸಲಹೆ ಪಡೆದವರಲ್ಲಿ ಶೇಕಡ 36 ಮಂದಿ 8ಕ್ಕಿಂತ ಕೆಳಗಿಳಿದಿದ್ದರು. ಸಾಮಾನ್ಯ ಆರೈಕೆ ಮಾತ್ರ ಪಡೆದವರಲ್ಲಿ ಈ ಪ್ರಮಾಣ ಶೇಕಡ 26. ಸರಿಯಾದವರನ್ನು ಗುರುತಿಸಿದರೆ ಬರಿಯ ಮಾತೂ ಮದ್ದಾಗಬಲ್ಲದು.

ರಕ್ತ ಸುಳ್ಳು ಹೇಳದೇ?

ಬಾಯಿ ಸುಳ್ಳು ಹೇಳಿದರೂ ರಕ್ತ ಹೇಳುವುದಿಲ್ಲ ಎಂಬ ನಂಬಿಕೆ ಸಹಜ. ಪಿತ್ತಜನಕಾಂಗದ 'ಜಿಜಿಟಿ' ಎಂಬ ಕಿಣ್ವ ಕುಡಿಯುವವರಲ್ಲಿ ಏರುತ್ತದೆ. ಆದರೆ ಮೂರ್ಛೆರೋಗಕ್ಕೆ ಫೆನಿಟಾಯಿನ್ ಮಾತ್ರೆ ತೆಗೆದುಕೊಳ್ಳುವವರಲ್ಲೂ ಅದು ಏರುತ್ತದೆ. ಕೆಂಪು ರಕ್ತಕಣಗಳ ಗಾತ್ರವೂ ಕುಡಿತದಿಂದ ಹಿಗ್ಗುತ್ತದೆ. ಬಿ-12 ಜೀವಸತ್ವದ ಕೊರತೆಯಲ್ಲೂ ಹಿಗ್ಗುತ್ತದೆ. ಈ ಕೊರತೆ ಸಸ್ಯಾಹಾರಿಗಳಲ್ಲಿ ಹೆಚ್ಚು. ಹುಟ್ಟಿನಿಂದ ಹನಿ ಮುಟ್ಟದ ಸಸ್ಯಾಹಾರಿಯ ರಕ್ತ ಅವನ ಮೇಲೆಯೇ ಚಾಡಿ ಹೇಳುವುದೆಂದರೆ ಇದೇ.

1970ರ ದಶಕದಲ್ಲಿ ಸ್ವೀಡನ್ನಿನ ಹೆಲೆನಾ ಸ್ಟಿಬ್ಲರ್ ಗುರುತಿಸಿದ 'ಸಿಡಿಟಿ' ಎಂಬ ಪ್ರೋಟೀನಿನ ರೂಪ ಇವೆರಡಕ್ಕಿಂತ ಉತ್ತಮವಾಗಿ ನಿರಪರಾಧಿಗಳನ್ನು ಬಿಟ್ಟುಕೊಡುತ್ತದೆ. ಆದರೆ ಮಿತವಾಗಿ ಕುಡಿಯುವವರನ್ನು ಅದು ಹಿಡಿಯಲಾರದು. ಕೆಲವರಲ್ಲಿ ವಂಶಪಾರಂಪರ್ಯವಾಗಿ ಬಂದ ಪ್ರೋಟೀನಿನ ವ್ಯತ್ಯಾಸದಿಂದ ತಪ್ಪು ಫಲಿತಾಂಶವೂ ಬರಬಹುದು. ಯುರೋಪಿನ ಕೆಲವು ದೇಶಗಳಲ್ಲಿ ರದ್ದಾದ ಚಾಲನಾ ಪರವಾನಗಿಯನ್ನು ಮರಳಿ ಕೊಡುವಾಗ ಇಂಥ ರಕ್ತಪರೀಕ್ಷೆಗಳನ್ನು ನೋಡುವುದುಂಟು. ಒಂದು ಅಂಕೆಯ ಹೆಚ್ಚುಕಡಿಮೆಯಲ್ಲಿ ಲಾರಿ ಚಾಲಕನೊಬ್ಬನ ಅನ್ನ ನಿಂತಿರುತ್ತದೆ.

ಪರೀಕ್ಷೆಗಳ ಬಗ್ಗೆ ಬರುವ ಆಕರ್ಷಕ ಅಂಕೆಗಳನ್ನೂ ಸಂದೇಹದಿಂದಲೇ ನೋಡಬೇಕೆಂದು 1978ರಲ್ಲಿ ಡೇವಿಡ್ ರಾನ್ಸೊಹಾಫ್ ಮತ್ತು ಆಲ್ವನ್ ಫೈನ್‌ಸ್ಟೈನ್ ಎಚ್ಚರಿಸಿದರು. ತೀರಾ ಕಾಯಿಲೆ ಬಿದ್ದವರನ್ನೂ ಪೂರ್ತಿ ಆರೋಗ್ಯವಂತರನ್ನೂ ಅಕ್ಕಪಕ್ಕ ನಿಲ್ಲಿಸಿದರೆ ಯಾವ ಪರೀಕ್ಷೆಯೂ ಜಾಣನಂತೆ ಕಾಣುತ್ತದೆ. ಅನುಮಾನ ಹುಟ್ಟುವುದು ನಡುವಿನವರ ಬಗ್ಗೆ. ಪರೀಕ್ಷೆ ಬೇಕಾಗಿರುವುದೂ ಅವರಿಗೇ. ಸಾಲದುದಕ್ಕೆ ಯಾವುದಕ್ಕೆ ಹೋಲಿಸಿ ಪರೀಕ್ಷೆಯನ್ನು ಸರಿ ತಪ್ಪು ಎನ್ನುತ್ತೇವೆಯೋ ಆ ಒರೆಗಲ್ಲೇ ಬದಲಾಗುತ್ತದೆ. ಅಮೆರಿಕದ ಮನೋವೈದ್ಯರ 1994ರ ಕೈಪಿಡಿಯಲ್ಲಿ ಮದ್ಯದ ದುರ್ಬಳಕೆ ಮತ್ತು ಅವಲಂಬನೆ ಎರಡು ಬೇರೆ ಕಾಯಿಲೆಗಳಾಗಿದ್ದವು. 2013ರ ಆವೃತ್ತಿಯಲ್ಲಿ ಅವು ಒಂದಾದವು. ಹಳೆಯ ಒರೆಗಲ್ಲಿನಲ್ಲಿ ತಿಕ್ಕಿದ ಚಿನ್ನವನ್ನು ಮತ್ತೆ ತಿಕ್ಕಿ ನೋಡಬೇಕಾಯಿತು.

ತಪ್ಪಿನ ಬೆಲೆ ಯಾರ ತಲೆಗೆ?

ಇಷ್ಟೆಲ್ಲ ಲೆಕ್ಕ ಹಾಕಿದ ಮೇಲೂ ಗೆರೆಯನ್ನು ಎಲ್ಲಿ ಎಳೆಯಬೇಕೆಂದು ಸಂಖ್ಯಾಶಾಸ್ತ್ರ ತಾನಾಗಿ ಹೇಳಲಾರದು. ಎಲ್ಲಿ ಎಳೆದರೆ ಎಷ್ಟು ತಪ್ಪಾಗುತ್ತದೆ ಎಂಬುದನ್ನಷ್ಟೇ ಅದು ಹೇಳುತ್ತದೆ. ಯಾವ ತಪ್ಪನ್ನು ಸಹಿಸಬಹುದು ಎಂಬುದನ್ನು ಮನುಷ್ಯರೇ ತೀರ್ಮಾನಿಸಬೇಕು. ಆರೋಗ್ಯ ಕೇಂದ್ರದಲ್ಲಿ ಒಬ್ಬ ನಿರಪರಾಧಿಯನ್ನು ಹಿಡಿದರೆ ಹೋಗುವುದು ಹತ್ತು ನಿಮಿಷದ ಮಾತು. ಅಲ್ಲಿ ಗೆರೆಯನ್ನು ಕೆಳಗೆ ಎಳೆದರೂ ನಷ್ಟವಿಲ್ಲ. ಅದೇ ಫಲಿತಾಂಶ ಕೆಲಸ ಕೊಡುವವರ, ವಿಮೆ ಕಂಪೆನಿಯ, ನ್ಯಾಯಾಲಯದ ಕೈಗೆ ಹೋದರೆ ಹತ್ತು ನಿಮಿಷದ ಮಾತು ಹತ್ತು ವರ್ಷದ ಕಳಂಕವಾಗುತ್ತದೆ. ಅಲ್ಲಿ ಒಂದು ಪರೀಕ್ಷೆ ಸಾಲದು. ಎರಡನೆಯದೂ ಬೇಕು, ಮನುಷ್ಯನನ್ನು ಕೂರಿಸಿ ಕೇಳುವ ವ್ಯವಧಾನವೂ ಬೇಕು.

ಈಚಲ ಮರದ ಕೆಳಗೆ ಕೂರಬೇಡ ಎಂದು ಗಾದೆ ಮಜ್ಜಿಗೆ ಕುಡಿಯುವವನಿಗೆ ಬುದ್ಧಿ ಹೇಳುತ್ತದೆ. ಯೆರುಶಲ್ಮಿಯಿಂದ ಈಚೆಗೆ ಬೆಳೆದ ಶಾಸ್ತ್ರ ಬುದ್ಧಿ ಹೇಳುವುದು ದಾರಿಯಲ್ಲಿ ನಿಂತು ನೋಡುವವನಿಗೆ. ಮರದ ಕೆಳಗೆ ಕಂಡವನ ಹೆಸರು ಕೂಗುವ ಮೊದಲು ಅವನ ಲೋಟದಲ್ಲಿ ಇರುವುದೇನೆಂದು ಒಮ್ಮೆ ಬಗ್ಗಿ ನೋಡು ಎನ್ನುತ್ತದೆ ಅದು.